ಕೆಲಸಗಾರ್ತಿ ಹದಿನೇಳು

ಮಾರ್ಚ್ 3, ಸೋಮವಾರ

ಗಡ್ಡದವನು ಕಾಲು ಮುರಿದುಕೊಂಡು ಮಲಗಿದ್ದಾನೆ. ಮೆಟ್ಟಿಲಿನಿಂದ ಬಿದ್ದನಂತೆ, ಅದೂ ನಮ್ಮ ಸಂಸ್ಥೆಯದೇ ಮೆಟ್ಟಿಲು. ಮೂರು ತಿಂಗಳು ಏಳುವ ಹಾಗಿಲ್ಲ. ಅವನು ಮಾನವಶಾಸ್ತ್ರ ವಿಭಾಗದವನು, ನಾನು ಸಮಾಜಶಾಸ್ತ್ರದವಳು, ಅವನ ಕಾಲಿಗೂ ನನಗೂ ಏನು ಸಂಬಂಧ ಎಂದುಕೊಂಡು ಟೀ ಕುಡಿಯುತ್ತಿದ್ದೆ. ಅಷ್ಟರಲ್ಲಿ ಪ್ರೊಫೆಸರ್ ಕರೆಸಿ ಅವನ ಕೆಲಸವನ್ನೂ ನನ್ನ ತಲೆಗೇ ಕಟ್ಟಿದರು.

ಕೆಲಸ ಇಷ್ಟು. ದೊಡ್ಡ ಆಸ್ಪತ್ರೆಗೆ ಬಟ್ಟೆ ಒಗೆದುಕೊಡುವ ಘಟಕಗಳು ನಾಲ್ಕಿವೆ. ಆಪರೇಷನ್ ಕೋಣೆಗೆ ಹೋಗುವ ಹಸಿರು ಬಟ್ಟೆಯಲ್ಲಿ ತೂತು ಕಂಡರೆ ಅಲ್ಲಿಯ ನರ್ಸುಗಳು ಅದನ್ನು ವಾಪಸ್ ಕಳಿಸುತ್ತಾರೆ. ಮೂರು ಘಟಕಗಳಿಗೆ ಸಾವಿರಕ್ಕೆ ಎಂಟೊಂಬತ್ತು ಬಟ್ಟೆ ವಾಪಸ್ ಬರುತ್ತವೆ, ನಾಲ್ಕನೆಯದಕ್ಕೆ ಎರಡೇ. ಅದೇ ಯಂತ್ರ, ಅದೇ ಸೋಪು, ಅಷ್ಟೇ ಜನ. ಹೀಗೇಕೆ ಎಂದು ಆಡಳಿತ ಕಚೇರಿ ನಮ್ಮನ್ನು ಕೇಳಿದೆ. ಪ್ರೊಫೆಸರರಿಗೆ ಇದರಲ್ಲಿ ಇನ್ನೊಂದು ಆಸೆ. ಒಂದೇ ಜಾಗವನ್ನು ಸಮಾಜಶಾಸ್ತ್ರದ ವಿಧಾನದಲ್ಲೂ ಸಾಂಸ್ಕೃತಿಕ ಮಾನವಶಾಸ್ತ್ರದ ವಿಧಾನದಲ್ಲೂ ನೋಡಿ, ಯಾವುದಕ್ಕೆ ಏನು ಕಾಣುತ್ತದೆ, ಯಾವುದಕ್ಕೆ ಏನು ತಪ್ಪುತ್ತದೆ ಎಂದು ಹೋಲಿಸಿ ಒಂದು ಅಧ್ಯಾಯ ಬರೆಸಬೇಕು. ನಾನು ಪ್ರಶ್ನಾವಳಿ ಹಿಡಿದು ಹೋಗಿ ಎರಡು ವಾರದಲ್ಲಿ ಮುಗಿಸಬೇಕಿತ್ತು, ಗಡ್ಡದವನು ಅಲ್ಲೇ ಹತ್ತು ವಾರ ಕೂತು ನೋಡಬೇಕಿತ್ತು. ಈಗ ಕೇಳುವವಳೂ ನಾನೇ, ಕೂರುವವಳೂ ನಾನೇ.

ಹತ್ತು ವರ್ಷದಿಂದ ಪ್ರಶ್ನೆ ಕೇಳಿ ಅನ್ನ ತಿಂದವಳು ನಾನು. ಅರವತ್ತನಾಲ್ಕು ಪ್ರಶ್ನೆ, ಇಪ್ಪತ್ತಮೂರು ಕೆಲಸಗಾರರು, ತಲಾ ನಲವತ್ತು ನಿಮಿಷ, ಒಟ್ಟು ಹದಿನೈದು ಗಂಟೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ತಿಳಿಯದ್ದು ಹತ್ತು ವಾರ ಬೆಪ್ಪಾಗಿ ಕೂತರೆ ತಿಳಿಯುತ್ತದೆ ಎಂದು ನನಗೆ ನಂಬಿಕೆಯಿಲ್ಲ. ಅಮ್ಮನಿಗೆ ಹೇಳಿದೆ. ಅವಳು ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತೆಲ್ಲ ಕಿವಿಗೆ ಹಾಕಿಕೊಂಡವಳು. “ಸುಮ್ನೆ ಕೂರೋದು ನಿನ್ ಕೈಲಾಗುತ್ತಾ?” ಎಂದು ಕೇಳಿ ಬಹಳ ಹೊತ್ತು ನಕ್ಕಳು.

ಮಾರ್ಚ್ 6, ಗುರುವಾರ

ಗಡ್ಡದವನು ಫೋನ್ ಮಾಡಿ ಅರ್ಧ ಗಂಟೆ ಉಪದೇಶ ಮಾಡಿದ. ಮೊದಲ ಮೂರು ವಾರ ಏನೂ ಕೇಳಬೇಡ, ಅವರು ಏನು ಕೆಲಸ ಕೊಟ್ಟರೂ ಮಾಡು, ಬರೆಯುವುದನ್ನು ಅವರ ಎದುರಿಗೆ ಬರೆಯಬೇಡ. ಕೊನೆಗೆ ಒಂದು ಮಾತು. ಅಧ್ಯಾಯ ಕೊಡುವ ಮೊದಲು ಯಾರ ಬಗ್ಗೆ ಬರೆದಿದ್ದೀಯೋ ಅವರಿಗೆ ಓದಿ ಹೇಳು.

ಅದೊಂದು ನನಗೆ ತಮಾಷೆಯಾಗಿ ಕಂಡಿತು. ಸಮೀಕ್ಷೆಯ ಕೋಷ್ಟಕವನ್ನು ಯಾರಾದರೂ ಉತ್ತರ ಕೊಟ್ಟವರ ಮನೆಗೆ ಹೊತ್ತುಕೊಂಡು ಹೋಗಿ ಓದುತ್ತಾರೆಯೇ? ನಾವು ಹೆಸರೇ ಬರೆದುಕೊಳ್ಳುವುದಿಲ್ಲ. ಒಂದು ಸಂಖ್ಯೆ ಕೊಡುತ್ತೇವೆ, ಸಂಖ್ಯೆಯ ಹಿಂದೆ ಮನುಷ್ಯ ಕ್ಷೇಮವಾಗಿರುತ್ತಾನೆ. ಹಾಗೆಂದು ಅವನಿಗೂ ಹೇಳಿದೆ. ಅವನು ಹ್ಞೂಂ ಎಂದ. ಕಾಲು ನೋಯುತ್ತಿರಬೇಕು, ವಾದಕ್ಕೆ ನಿಲ್ಲಲಿಲ್ಲ.

ಮಾರ್ಚ್ 12, ಬುಧವಾರ

ಆ ನಾಲ್ಕನೆಯ ಘಟಕ ಆಸ್ಪತ್ರೆಯ ಹಿಂಬದಿಯಲ್ಲಿದೆ. ಉದ್ದನೆಯ ಒಂದೇ ಹಾಲ್. ಒಂದು ತುದಿಯಲ್ಲಿ ಕೊಳೆ ಬಟ್ಟೆಯ ಗಾಡಿ ಬರುತ್ತದೆ, ಇನ್ನೊಂದು ತುದಿಯಿಂದ ಮಡಚಿದ ಗಂಟು ಹೋಗುತ್ತದೆ. ಬಾಗಿಲಲ್ಲಿ ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿಕೊಳ್ಳಬೇಕು. ಒಳಗೆ ಬಿಸಿ ಹಬೆ, ಯಂತ್ರದ ಸದ್ದು, ಬೂದು ಬಣ್ಣದ ಗೋಡೆ. ಇಸ್ತ್ರಿಯ ದೊಡ್ಡ ಉರುಳೆ ನೋಡಿಕೊಳ್ಳುವವನನ್ನು ಎಲ್ಲರೂ ರೋಲರ್ ಅಣ್ಣ ಎನ್ನುತ್ತಾರೆ. ಮಡಚುವ ಮೇಜಿನಲ್ಲಿ ಮಾತಿನಮಲ್ಲಿ ಒಬ್ಬಳಿದ್ದಾಳೆ, ನಲವತ್ತು ನಿಮಿಷದ ಪ್ರಶ್ನಾವಳಿಗೆ ಎರಡು ಗಂಟೆ ತಿಂದಳು.

ರೋಲರಿಗೂ ಮಡಚುವ ಮೇಜಿಗೂ ನಡುವೆ ಗಾಜಿನ ಮೇಜೊಂದಿದೆ, ಕೆಳಗಿನಿಂದ ದೀಪ. ಹಸಿರು ಬಟ್ಟೆಯನ್ನು ಅದರ ಮೇಲೆ ಹರಡಿದರೆ ತೂತಿದ್ದ ಕಡೆ ಬೆಳಕಿನ ಚುಕ್ಕೆ ಕಾಣುತ್ತದೆ. ಅಲ್ಲಿ ಮೂವತ್ತೊಂದು ವರ್ಷದಿಂದ ಕೂತಿರುವವರು ದೊಡ್ಡಕ್ಕ. ಇಂದು ಅವರ ಸರದಿ, ಹದಿನೇಳನೆಯ ಪ್ರಶ್ನಾವಳಿ. ಕುರ್ಚಿ ಎಳೆದುಕೊಂಡು ಕೂತೆನೋ ಇಲ್ಲವೋ, ನನ್ನ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ಸವರಿ, “ಇಲ್ಲಿ ಹೊಲಿಗೆ ಬಿಟ್ಟಿದೆ ನೋಡಮ್ಮ,” ಎಂದರು. ನಿಜವಾಗಿಯೂ ಬಿಟ್ಟಿತ್ತು. ಆಮೇಲೆ ಬಹಳ ಬಿಂಕದಿಂದ, ತಮ್ಮ ಕೈಗೆ ಸಿಗದೆ ತಪ್ಪಿಸಿಕೊಂಡು ಹೋದ ತೂತು ಈ ಘಟಕದಲ್ಲೇ ಇಲ್ಲ ಎಂದರು.

ಇಲ್ಲಿಯವರು ನನಗೊಂದು ಅಡ್ಡಹೆಸರಿಟ್ಟಿದ್ದಾರೆ, ಪ್ರಶ್ನೆ. “ಪ್ರಶ್ನೆ ಬಂತು, ಪ್ರಶ್ನೆಗೆ ಟೀ ಕೊಡಿ” ಎನ್ನುತ್ತಾರೆ. ಎದುರಿಗೆ ಮಾತ್ರ ಮೇಡಂ.

ಮಾರ್ಚ್ 21, ಶುಕ್ರವಾರ

ಇಪ್ಪತ್ತಮೂರೂ ಮುಗಿದವು. ಉಳಿದ ಮೂರು ಘಟಕಗಳಿಂದ ನಮ್ಮ ಸಹಾಯಕರು ತಂದ ಉತ್ತರಗಳೊಂದಿಗೆ ಹೋಲಿಸಿದೆ. ವಯಸ್ಸು, ಅನುಭವ, ತರಬೇತಿ, ಪಾಳಿ ಯಾವುದರಲ್ಲೂ ವ್ಯತ್ಯಾಸವಿಲ್ಲ. ಒಂದೇ ಒಂದು ಕಡೆ ವಿಚಿತ್ರ. ಮೂವತ್ತೆಂಟನೇ ಪ್ರಶ್ನೆ: ಬಟ್ಟೆಯಲ್ಲಿ ತೂತಿದೆಯೇ ಎಂದು ಪರೀಕ್ಷಿಸುವವರು ಯಾರು? ಬೇರೆ ಘಟಕಗಳಲ್ಲಿ ನಾನಾ ಉತ್ತರ. ಮೇಜಿನವರು, ಕೆಲವೊಮ್ಮೆ ನಾವೂ, ಗೊತ್ತಿಲ್ಲ, ಹೀಗೆ. ಇಲ್ಲಿ ಇಪ್ಪತ್ತಮೂರು ಜನದ್ದೂ ಒಂದೇ ಉತ್ತರ. ದೊಡ್ಡಕ್ಕ “ನಾನೊಬ್ಳೇ” ಎಂದಿದ್ದಾರೆ, ಉಳಿದವರೆಲ್ಲ ಒಂದೇ ಉಸಿರಿನಲ್ಲಿ “ದೊಡ್ಡಕ್ಕ ಒಬ್ರೇ” ಎಂದಿದ್ದಾರೆ.

ನೂರಕ್ಕೆ ನೂರು ಬಂದರೆ ನನಗೆ ಅನುಮಾನ. ಜನ ತಮ್ಮ ವಯಸ್ಸನ್ನೂ ಅಷ್ಟು ಒಮ್ಮತದಿಂದ ಹೇಳುವುದಿಲ್ಲ. ಪ್ರೊಫೆಸರರಿಗೆ ತೋರಿಸಿದೆ. ಕೂತು ನೋಡು ಎಂದರು.

ಏಪ್ರಿಲ್ 3, ಗುರುವಾರ

ಕೂತು ನೋಡಿದೆ. ಯಂತ್ರ ತಿರುಗುತ್ತದೆ, ಹಬೆ ಬರುತ್ತದೆ, ಗಾಡಿ ಹೋಗುತ್ತದೆ. ಒಂಬತ್ತು ದಿನದ ಟಿಪ್ಪಣಿ ಹನ್ನೊಂದು ಪುಟ, ಅದರಲ್ಲಿ ನಾಲ್ಕು ಪುಟ ನನ್ನ ಸೊಂಟನೋವಿನ ಬಗ್ಗೆಯೇ ಇವೆ. ಇದನ್ನು ವಿಧಾನ ಎಂದು ಕರೆಯಲು ಗಡ್ಡದವನಿಗೆ ಮನಸ್ಸಾದರೂ ಹೇಗೆ ಬರುತ್ತದೋ. ಇಂದು ಬೇಸರ ತಡೆಯಲಾರದೆ ಪ್ರಶ್ನೆ ಕೇಳಲು ಬಾಯಿ ತೆರೆದೆ. ಮಾತಿನಮಲ್ಲಿ ಒಂದು ಹಸಿರು ಬಟ್ಟೆಯನ್ನು ನನ್ನ ಮಡಿಲಿಗೆ ಎಸೆದು, ಬಾಯಿ ಬದಲು ಕೈ ಆಡಿಸಿ ಮೇಡಂ ಎಂದಳು.

ಏಪ್ರಿಲ್ 17, ಗುರುವಾರ

ಮಡಚುವುದು ಬಂತು. ಮೊದಲು ಉದ್ದಕ್ಕೆ ಮೂರು, ಆಮೇಲೆ ಅಗಲಕ್ಕೆ ಎರಡು, ಮೂಲೆ ಮೇಲೆ ಬರಬೇಕು, ಏಕೆಂದರೆ ಡಾಕ್ಟರು ಕೈಗವಸು ಹಾಕಿಕೊಂಡು ಒಂದೇ ಎಳೆತಕ್ಕೆ ಬಿಡಿಸಬೇಕು. ನನ್ನ ಮೊದಲ ನೂರು ಬಟ್ಟೆಗಳನ್ನು ಮಾತಿನಮಲ್ಲಿ ಒಂದೂ ಮಾತಾಡದೆ ಬಿಚ್ಚಿ ಮತ್ತೆ ಮಡಚಿದಳು. ಅವಳು ಸುಮ್ಮನಿದ್ದದ್ದು ನೋಡಿಯೇ ನನ್ನ ಕೆಲಸ ಎಷ್ಟು ಕೆಟ್ಟದಾಗಿದೆ ಎಂದು ಅರ್ಥವಾಯಿತು.

ಮನೆಯಲ್ಲಿ ಹಾಸಿಗೆ ಹೊದಿಕೆಗಳನ್ನೆಲ್ಲ ಅದೇ ರೀತಿ ಮಡಚಿಟ್ಟೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, ಇಷ್ಟು ವರ್ಷ ನಾನು ಬಡಕೊಂಡೆ, ಯಾರೋ ಒಗೆಯೋರು ಹೇಳಿದ್ರೆ ಕೇಳ್ತೀಯ ಎಂದು ಗೊಣಗಿದಳು.

ಮೇ 6, ಮಂಗಳವಾರ

ಸಿಕ್ಕಿತು.

ಕಳೆದ ವಾರದಿಂದ ಒಂದು ವಿಷಯ ಕಣ್ಣಿಗೆ ಬೀಳುತ್ತಿತ್ತು. ಮಾತಿನಮಲ್ಲಿ ಪ್ರತಿ ಬಟ್ಟೆಯನ್ನು ಮಡಚುವ ಮೊದಲು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತಾಳೆ, ಮಾತಾಡುತ್ತಲೇ, ಕೈ ನೋವಿಗೆ ಮೈ ಮುರಿದವಳ ಹಾಗೆ. ಮೇಜಿನಲ್ಲಿರುವ ಉಳಿದ ಐವರೂ ಹಾಗೇ. ರೋಲರ್ ಅಣ್ಣನ ಸ್ಟೂಲಿನ ಕೆಳಗೆ ಒಂದು ಬುಟ್ಟಿ ಇದೆ, ಅದರ ಮೇಲೆ ಅವನ ಕೋಟು. ಇಂದು ಅವನು ಟೀಗೆ ಎದ್ದಾಗ ಕೋಟು ಸರಿಯಿತು. ಬುಟ್ಟಿಯ ತುಂಬ ಸಣ್ಣ ಸಣ್ಣ ತೂತಿನ ಹಸಿರು ಬಟ್ಟೆ.

ಅತ್ತ ದೀಪದ ಮೇಜಿನಲ್ಲಿ ಚುಕ್ಕೆ ಹೊಳೆಯುತ್ತಿದ್ದರೂ ದೊಡ್ಡಕ್ಕ ಕತ್ತು ಓರೆ ಮಾಡಿ ಬೆರಳಾಡಿಸುತ್ತಿದ್ದರು. ದೊಡ್ಡಕ್ಕನಿಗೆ ಕಣ್ಣು ಕಾಣುವುದಿಲ್ಲ. ಪೂರ್ತಿ ಕತ್ತಲೆಯಲ್ಲ. ಅಂಚು ಕಾಣುತ್ತದೆ, ನಡುವೆ ಮಂಜು. ಎಷ್ಟು ವರ್ಷದಿಂದಲೋ. ಬೆಳಕಿನ ಚುಕ್ಕೆ ಅವರಿಗೆ ಗೋಚರಿಸುವುದೇ ಇಲ್ಲ, ಬೆರಳಿನಿಂದ ಹುಡುಕುತ್ತಾರೆ. ಬೆರಳಿಗೆ ದೊಡ್ಡ ತೂತು ಸಿಗುತ್ತದೆ, ಸೂಜಿಮೊನೆಯಷ್ಟಿದ್ದರೆ ಸಿಗುವುದಿಲ್ಲ. ಅದಕ್ಕೇ ಮೇಜಿಗೆ ಬರುವ ಮೊದಲು ರೋಲರ್ ಅಣ್ಣ ಸಣ್ಣದನ್ನು ಹೆಕ್ಕಿ ಅಡಗಿಸುತ್ತಾನೆ. ಮೇಜು ದಾಟಿದ ಮೇಲೆ ಆರು ಜನ ಮತ್ತೆ ನೋಡುತ್ತಾರೆ. ಒಂದು ಬಟ್ಟೆಗೆ ಮೂರು ಸಲ ಪರೀಕ್ಷೆ. ಬೇರೆ ಘಟಕಗಳಲ್ಲಿ ಒಂದೇ ಸಲ, ಮೇಜಿನವರು ನೋಡಿದ್ದಾರಲ್ಲ ಎಂದು ಉಳಿದವರು ಕಣ್ಣು ಮುಚ್ಚಿ ಮಡಚುತ್ತಾರೆ. ಸಾವಿರಕ್ಕೆ ಎರಡೇ ವಾಪಸ್ ಬರುವುದು ಇದಕ್ಕೆ.

ಕಾಣದವರು ಒಬ್ಬರಿರುವುದರಿಂದಲೇ ಎಲ್ಲರೂ ನೋಡುತ್ತಿದ್ದಾರೆ. ಅರವತ್ತನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೂ ಇದು ಸಿಕ್ಕಿರಲಿಲ್ಲ.

ಮೇ 8, ಗುರುವಾರ

ನನಗೆ ಗೊತ್ತಾಗಿದೆ ಎಂದು ರೋಲರ್ ಅಣ್ಣನಿಗೂ ಮಡಚುವವರಿಗೂ ಗೊತ್ತಾಯಿತು. ಮಾತಿನಮಲ್ಲಿ ಹೊರಗೆ ನಲ್ಲಿಯ ಹತ್ತಿರ ನಿಲ್ಲಿಸಿಕೊಂಡು ಹೇಳಿದಳು. ದೊಡ್ಡಕ್ಕನಿಗೆ ಕೆಲಸ ಬಿಡಲು ಇನ್ನು ಹದಿನಾಲ್ಕು ತಿಂಗಳಿದೆ. ಹಿಂದೆಯೊಬ್ಬರು ಕೈ ನಡುಗುತ್ತದೆಂದು ನಿಜ ಹೇಳಿಕೊಂಡು ಬಾಗಿಲ ಬಳಿ ಕೂತು ಟೋಪಿ ಹಂಚುವ ಕೆಲಸಕ್ಕೆ ಬಿದ್ದಿದ್ದರು. ನಾಲ್ಕು ತಿಂಗಳಲ್ಲಿ ಮಾತೇ ನಿಂತುಹೋಗಿತ್ತಂತೆ. ಇಲ್ಲಿರುವವರಿಗೆಲ್ಲ ಕೆಲಸ ಕಲಿಸಿದವರು ದೊಡ್ಡಕ್ಕನೇ, ಅವರನ್ನು ಹಾಗೆ ಕೂರಿಸಲು ಯಾರಿಗೂ ಮನಸ್ಸಿಲ್ಲ.

ನಾನು ಕೇಳಿದೆ, ನೀವು ಇಷ್ಟೆಲ್ಲ ಮಾಡ್ತಿರೋದು ಅವರಿಗೆ ಗೊತ್ತಾ ಎಂದು.

“ಗೊತ್ತಾದ್ರೆ ಅವತ್ತೇ ಎದ್ದು ಹೋಗ್ತಾರೆ,” ಎಂದಳು. “ದಿನಾ ಎರಡೋ ಮೂರೋ ದೊಡ್ಡ ತೂತಿಂದು ಅಣ್ಣ ಬೇಕಂತ್ಲೇ ಬಿಡ್ತಾನೆ. ಅವ್ರು ಹಿಡೀತಾರೆ. ಹಿಡಿದು ನಮ್ಗೆಲ್ಲ ಬೈತಾರೆ. ಬೈಸ್ಕೊಂಡ್ರೇನೇ ನಮ್ಗೆ ದಿನ ಸರಿ ಹೋಗೋದು.”

ಆಮೇಲೆ ನನ್ನ ಭುಜ ಹಿಡಿದು, ನೀನೂ ಇನ್ಮೇಲೆ ಬೆಳಕಿಗೆ ಹಿಡಿದೇ ಮಡಚು ಎಂದಳು. ಮೇಡಂ ಹೋಗಿ ನೀನು ಆಯಿತು.

ಮೇ 27, ಮಂಗಳವಾರ

ದೊಡ್ಡಕ್ಕ ನನಗೆ ಬೆರಳಲ್ಲಿ ನೋಡುವುದನ್ನು ಕಲಿಸುತ್ತಿದ್ದಾರೆ. ಕಣ್ಣು ಮುಚ್ಚು, ಅವಸರ ಮಾಡಬೇಡ, ಒತ್ತಬೇಡ ಎನ್ನುತ್ತಾರೆ. ಇಂದು ಒಂದು ತೂತು ಹಿಡಿದೆ. “ಮಗಳಿಗೆ ಕೈ ಬಂತು,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ರೋಲರ್ ಅಣ್ಣ ಅತ್ತ ತಿರುಗಿ ನಗು ತಡೆದುಕೊಂಡ. ಅವನೇ ಬಿಟ್ಟದ್ದಿರಬೇಕು.

ಟಿಪ್ಪಣಿ ಎಷ್ಟು ಪುಟವಾಯಿತೆಂದು ನೋಡಿಲ್ಲ.

ಜೂನ್ 11, ಬುಧವಾರ

ಕ್ಷೇತ್ರಕಾರ್ಯ ಮುಗಿದು ಬರೆಯಲು ಕೂತೆ. ಇಂಥ ಅಧ್ಯಾಯ ನಾನು ಹಿಂದೆ ಬರೆದಿಲ್ಲ. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಿದರೂ ಸಿಗದು. ಸಮೀಕ್ಷೆಯಲ್ಲಿ ನೂರಕ್ಕೆ ನೂರು ಸುಳ್ಳು, ಜೊತೆಗೆ ಕೂತಾಗ ಆ ಸುಳ್ಳಿನ ಅರ್ಥ. ಒಂದು ವಿಧಾನ ಎಷ್ಟು ಜನ ಹಾಗೆಂದರು ಎಂದು ಹೇಳುತ್ತದೆ, ಇನ್ನೊಂದು ಏಕೆ ಹಾಗೆಂದರು ಎಂದು. ಒಂದಿಲ್ಲದಿದ್ದರೆ ಇನ್ನೊಂದು ಕುಂಟು. ಇದನ್ನು ಬರೆದು ಗಡ್ಡದವನ ಕಾಲು ನೆನಪಾಗಿ ಹೊಡೆದುಹಾಕಿದೆ.

ಬಹಳ ಎಚ್ಚರಿಕೆ ವಹಿಸಿದ್ದೇನೆ. ಆಸ್ಪತ್ರೆಯ ಹೆಸರಿಲ್ಲ, ಘಟಕದ ಹೆಸರಿಲ್ಲ, ಮನುಷ್ಯರ ಹೆಸರಿಲ್ಲ. ರೋಲರ್ ಅಣ್ಣ ಕೆಲಸಗಾರ 4, ಮಾತಿನಮಲ್ಲಿ ಕೆಲಸಗಾರ್ತಿ 9, ದೊಡ್ಡಕ್ಕ ಕೆಲಸಗಾರ್ತಿ 17. ಹತ್ತು ವರ್ಷದಲ್ಲಿ ನನ್ನ ಸಂಖ್ಯೆಗಳಿಂದ ಒಬ್ಬರ ಗುಟ್ಟೂ ಹೊರಬಿದ್ದಿಲ್ಲ.

ಜೂನ್ 16, ಸೋಮವಾರ

ಕೊಟ್ಟೆ. ಪ್ರೊಫೆಸರ್ ಅಲ್ಲೇ ನಿಂತು ಎರಡು ಪುಟ ಓದಿ, ಕನ್ನಡಕ ತೆಗೆದು, ಇನ್ನು ನಿನಗೆ ಕಲಿಸೋದೇನೂ ಉಳಿದಿಲ್ಲ ಎಂದರು. ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬರುವಾಗ ಅಮ್ಮನಿಗೆ ಹೊಸ ಚಪ್ಪಲಿ ತಂದೆ. ಅಳತೆ ತಪ್ಪಿತು. ಅವಳು ಅದನ್ನೇ ಹಾಕಿಕೊಂಡು ಮನೆಯೆಲ್ಲ ಓಡಾಡಿದಳು.

ಜೂನ್ 19, ಗುರುವಾರ

ಗಡ್ಡದವನನ್ನು ನೋಡಲು ಹೋಗಿದ್ದೆ. ಊರುಗೋಲು ಹಿಡಿದು ಬಾಗಿಲು ತೆರೆದ. ಅಧ್ಯಾಯ ಮೊದಲೇ ಓದಿದ್ದ. ಚೆನ್ನಾಗಿದೆ ಎಂದ. ಆಮೇಲೆ, ಅವರಿಗೆ ಓದಿ ಹೇಳಿದ್ಯಾ ಎಂದು ಕೇಳಿದ. ಹೆಸರೇ ಇಲ್ಲವಲ್ಲ, ಸಂಖ್ಯೆ ಕೊಟ್ಟಿದ್ದೇನಲ್ಲ ಎಂದೆ.

“ಆ ದೀಪದ ಮೇಜಿನ ಮುಂದೆ ಎಷ್ಟು ಜನ ಕೂರ್ತಾರೆ?”

“ಒಬ್ಬರೇ.”

ಸಮೀಕ್ಷೆಯಲ್ಲಿ ಹದಿನೇಳು ಎಂದರೆ ಇಪ್ಪತ್ತಮೂರರಲ್ಲಿ ಯಾರೂ ಆಗಬಹುದು. ದೀಪದ ಮೇಜಿನ ಹಿಂದೆ, ಮೂವತ್ತೊಂದು ವರ್ಷದಿಂದ, ಬೆರಳಲ್ಲಿ ತೂತು ಹುಡುಕುವ ಹದಿನೇಳು ಎಂದರೆ ಒಬ್ಬರೇ. ನಾನು ಹೆಸರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದಿದ್ದೆ. ಅವನ ಮನೆಯ ಮೆಟ್ಟಿಲು ಹೇಗೆ ಇಳಿದೆನೋ ನೆನಪಿಲ್ಲ.

ಜೂನ್ 20, ಶುಕ್ರವಾರ

ಬಾಗಿಲು ತೆಗೆಯುವ ಮೊದಲೇ ಪ್ರೊಫೆಸರರ ಕೋಣೆಯ ಮುಂದೆ ನಿಂತಿದ್ದೆ. ನನ್ನ ಅಧ್ಯಾಯವೇ ವರದಿಯಾಗಿ ಮಂಗಳವಾರವೇ ಆಡಳಿತ ಕಚೇರಿಗೆ ಹೋಗಿದೆ. ಅವರು ಕೇಳಿದ್ದೇ ಈ ಪ್ರಶ್ನೆಗೆ ಉತ್ತರ, ಉತ್ತರ ಸಿಕ್ಕಿದೆ, ಕೊಟ್ಟಿದ್ದೇವೆ ಎಂದರು. ಹಿಂದಕ್ಕೆ ತರಿಸಿ ಎಂದು ಬೇಡಿಕೊಂಡೆ. ಟಿಪ್ಪಣಿ, ಅಧ್ಯಾಯ ಎಲ್ಲವೂ ಸಂಸ್ಥೆಯ ಸ್ವತ್ತು, ನೀನು ಸುಮ್ಮನೆ ಗಾಬರಿಯಾಗುತ್ತಿದ್ದೀಯ ಎಂದರು. ಅವರು ಕೆಟ್ಟವರಲ್ಲ. ನನಗೆ ನೀರು ಕೊಟ್ಟು ಕೂರಿಸಿ ಸಮಾಧಾನ ಮಾಡಿದರು. ಕೈ ಕೈ ಹಿಸುಕಿಕೊಂಡು ಎದ್ದು ಬಂದೆ.

ಜೂನ್ 24, ಮಂಗಳವಾರ

ಆಡಳಿತ ಕಚೇರಿಗೆ ನಾನೇ ಹೋದೆ. ಮೂರನೇ ಮಹಡಿ, ಉದ್ದನೆಯ ಬೆಂಚು. ಅಧಿಕಾರಿ ನನ್ನ ವಯಸ್ಸಿನವರೇ, ವರದಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಆ ಘಟಕದಲ್ಲಿ ಏನೂ ಬದಲಿಸಬೇಡಿ, ಬದಲಿಸಿದರೆ ನಿಮಗೇ ನಷ್ಟ ಎಂದೆ. ಅವರು ಶಾಂತವಾಗಿ ಕೇಳಿಸಿಕೊಂಡರು.

“ಮೇಡಂ, ನಾಳೆ ಆಪರೇಷನ್ ಟೇಬಲ್ ಮೇಲೆ ಒಬ್ಬರಿಗೆ ಏನಾದ್ರೂ ಆದ್ರೆ? ಕಣ್ಣು ಕಾಣದವರನ್ನ ಬಟ್ಟೆ ನೋಡೋಕೆ ಕೂರಿಸಿದ್ದು ಗೊತ್ತಿದ್ದೂ ಸುಮ್ನಿದ್ರಿ ಅಂತ ನನ್ನನ್ನ ಕೇಳ್ತಾರೆ. ನೀವು ಹೇಳಿ, ನಾನೇನು ಮಾಡ್ಲಿ?”

ಮೂರು ಸಲ ನೋಡಿದ ಬಟ್ಟೆಯೇ ಒಂದು ಸಲ ನೋಡಿದ್ದಕ್ಕಿಂತ ಭದ್ರ ಎಂದೆ. ಅದು ವರದಿಯಲ್ಲೂ ಇದೆ, ನಿಯಮದಲ್ಲಿ ಇಲ್ಲ ಎಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ. ನಾಲ್ಕೂ ಘಟಕಗಳ ಮೇಜಿನವರಿಗೆ ಕಣ್ಣಿನ ಪರೀಕ್ಷೆ ಇಡುತ್ತಾರಂತೆ, ಯಾರನ್ನೂ ಬೊಟ್ಟು ಮಾಡಿದ ಹಾಗಾಗಬಾರದಲ್ಲ ಎಂದರು.

ಅಮ್ಮನಿಗೆ ಎಲ್ಲ ಹೇಳಿದೆ. ಹೋಗಿ ಅವರಿಗೆ ಮೊದ್ಲು ನೀನೇ ಹೇಳು ಎಂದಳು. ಏನಂತ ಹೇಳಲಿ ಎಂದೆ. ಅದನ್ನೂ ನಾನೇ ಹೇಳ್ಕೊಡ್ಬೇಕಾ ಎಂದು ಒಳಗೆ ಹೋದಳು.

ಜೂನ್ 27, ಶುಕ್ರವಾರ

ಘಟಕದ ಬಾಗಿಲವರೆಗೆ ಹೋಗಿ ಬಂದೆ.

ಜೂನ್ 30, ಸೋಮವಾರ

ಇಂದೂ.

ಜುಲೈ 2, ಬುಧವಾರ

ಇಂದು ಗಟ್ಟಿ ಮನಸ್ಸು ಮಾಡಿ ಒಳಗೆ ಹೋದೆ. ತಡವಾಗಿತ್ತು. ಯಂತ್ರ ನಿಲ್ಲಿಸಿ ಎಲ್ಲರನ್ನೂ ಗಾಡಿಗಳ ಹತ್ತಿರ ಸೇರಿಸಿದ್ದರು. ಮೇಲ್ವಿಚಾರಕ ಕೈಯಲ್ಲಿ ವರದಿ ಹಿಡಿದು ನಿಂತಿದ್ದ. ಪಾಪದ ಮನುಷ್ಯ, ಅವನ ಪಾಲಿಗೆ ಅದು ಸಂತೋಷದ ಸುದ್ದಿ. ತನ್ನ ಘಟಕದ ಬಗ್ಗೆ ಓದಿದವರು ಹೊಗಳಿ ಬರೆದಿದ್ದಾರೆ, ನಿಮಗೂ ಕೇಳಿಸುತ್ತೇನೆ ಎಂದು ಕನ್ನಡಕ ಹಾಕಿಕೊಂಡಿದ್ದ. ನನ್ನನ್ನು ಕಂಡು, ಬನ್ನಿ ಬನ್ನಿ, ಬರೆದವರೇ ಬಂದರು ಎಂದ. ಓದುವುದನ್ನು ನಿಲ್ಲಿಸಿ ಎಂದು ಕೂಗಬೇಕಿತ್ತು. ಬಾಗಿಲಲ್ಲೇ ನಿಂತು ತಲೆಯ ಟೋಪಿ ಸರಿಮಾಡಿಕೊಂಡೆ. ಅವನು ನನ್ನ ವಾಕ್ಯಗಳನ್ನು ತಡೆತಡೆದು ಓದಿದ. ಕೆಲಸಗಾರ್ತಿ 17ಕ್ಕೆ ತಿಳಿಯದಂತೆ ಕೆಲಸಗಾರ 4 ಸಣ್ಣ ತೂತಿನ ಬಟ್ಟೆಗಳನ್ನು ಮೊದಲೇ ತೆಗೆದಿಡುತ್ತಾನೆ. ಕೆಲಸಗಾರ್ತಿ 17ರ ಆತ್ಮಗೌರವಕ್ಕೆ ಧಕ್ಕೆಯಾಗದಿರಲೆಂದು ದಿನಕ್ಕೆ ಎರಡು ಮೂರು ದೊಡ್ಡ ತೂತುಗಳನ್ನು ಉದ್ದೇಶಪೂರ್ವಕವಾಗಿ ಬಿಡಲಾಗುತ್ತದೆ.

ಓದುತ್ತ ಓದುತ್ತ ಅವನಿಗೂ ಅರ್ಥವಾಯಿತು. ದನಿ ಇಳಿಯಿತು, ಆದರೆ ವಾಕ್ಯ ಮುಗಿಸಿದ.

ದೊಡ್ಡಕ್ಕ ಮುಂದೆಯೇ ನಿಂತಿದ್ದರು. ದನಿ ಬಂದ ಕಡೆಗೆ ಮುಖ ತಿರುಗಿಸಿ, “ಹದಿನೇಳು ಅಂದ್ರೆ ನಾನಾ?” ಎಂದು ಕೇಳಿದರು.

ಮೇಲ್ವಿಚಾರಕ ವರದಿಯನ್ನು ಬೆನ್ನ ಹಿಂದೆ ಹಿಡಿದುಕೊಂಡ. ದೊಡ್ಡಕ್ಕ ಕೈ ಚಾಚಿ ಮೇಜಿನ ಅಂಚು ಹುಡುಕಿಕೊಂಡು ಹೋಗಿ, ತಮ್ಮ ಕುರ್ಚಿಯ ಬೆನ್ನಿಗೆ ಹಾಕಿದ್ದ ಶಾಲು ತೆಗೆದುಕೊಂಡು, ಮಡಚಿದರು. ಉದ್ದಕ್ಕೆ ಮೂರು, ಅಗಲಕ್ಕೆ ಎರಡು, ಮೂಲೆ ಮೇಲೆ.

ಜುಲೈ 3, ಗುರುವಾರ

ಬರೆಯಲು ಏನೂ ಇಲ್ಲ.

ಜುಲೈ 15, ಮಂಗಳವಾರ

ಕಣ್ಣಿನ ಪರೀಕ್ಷೆ ಆಯಿತಂತೆ. ನಾಲ್ವರಲ್ಲಿ ಮೂವರು ಪಾಸು. ದೊಡ್ಡಕ್ಕನನ್ನು ಕೆಲಸದಿಂದ ತೆಗೆಯಲಿಲ್ಲ, ಬಾಗಿಲ ಬಳಿ ಟೋಪಿ ಹಂಚಲು ಕೂರಿಸಿದ್ದಾರೆ. ಅಧಿಕಾರಿ ಫೋನ್ ಮಾಡಿ ತಿಳಿಸಿದರು. ನನಗೆ ಸಮಾಧಾನವಾಗಲಿ ಎಂದು ಮಾಡಿದ್ದಿರಬೇಕು. ನಾನು ಥ್ಯಾಂಕ್ಸ್ ಎಂದೆ. ಏಕೆ ಹೇಳಿದೆನೋ.

ಮಾತಿನಮಲ್ಲಿಗೆ ಐದು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಅಷ್ಟು ಮಾತಾಡುವವಳು.

ಆಗಸ್ಟ್ 19, ಮಂಗಳವಾರ

ಪ್ರೊಫೆಸರ್ ಬೆಳಿಗ್ಗೆಯೇ ಕರೆಸಿದರು. ಮುಖ ಅರಳಿತ್ತು. ಹೊಸ ಅಂಕಿಗಳು ಬಂದಿವೆ. ದೀಪದ ಮೇಜಿಗೆ ಈಗ ಒಳ್ಳೆಯ ಕಣ್ಣಿನ ಹೊಸ ಹುಡುಗಿ ಬಂದಿದ್ದಾಳೆ. ಅವಳು ನೋಡುತ್ತಾಳಲ್ಲ ಎಂದು ಬೇರೆ ಯಾರೂ ಬಟ್ಟೆಯನ್ನು ಬೆಳಕಿಗೆ ಹಿಡಿಯುವುದಿಲ್ಲ. ವಾಪಸ್ ಬರುವ ಬಟ್ಟೆ ಸಾವಿರಕ್ಕೆ ಎರಡಿದ್ದದ್ದು ಒಂಬತ್ತಾಗಿದೆ.

“ನಿನ್ನ ವಿವರಣೆ ಸರಿ ಅಂತ ಇದಕ್ಕಿಂತ ಸಾಕ್ಷಿ ಬೇಕಾ?” ಎಂದರು. “ಮೊದಲು, ಆಮೇಲೆ. ಬೇಕು ಅಂತ ಮಾಡಿದ್ರೂ ಇಷ್ಟು ಚೊಕ್ಕವಾಗಿ ಬರ್ತಿರ್ಲಿಲ್ಲ.”

ಅದೇ ಪ್ರಶ್ನಾವಳಿ ಹಿಡಿದು ಇನ್ನೊಂದು ಸುತ್ತು ಹೋಗಿ ಬಂದರೆ ಹೋಲಿಕೆ ಪೂರ್ತಿಯಾಗುತ್ತದೆ ಎಂದರು. ಆಗುವುದಿಲ್ಲ ಎಂದೆ. ಹಾಗಾದರೆ ಬೇರೆಯವರನ್ನು ಕಳಿಸುತ್ತೇನೆ ಎಂದರು. ದೊಡ್ಡಕ್ಕ ಯಾರೆಂದೇ ಗೊತ್ತಿಲ್ಲದ ಯಾರೋ ಹೋಗಿ ಅದೇ ಕುರ್ಚಿಯಲ್ಲಿ ಕೂತು ಅದನ್ನೇ ಕೇಳುವುದನ್ನು ನೆನೆಸಿಕೊಂಡೆ. ನಾನೇ ಹೋಗುತ್ತೇನೆ ಎಂದೆ. ನನಗೆ ಅವರನ್ನು ನೋಡಬೇಕಿತ್ತು, ಅಷ್ಟೆ. ಒಳಗೆ ಹೋಗಲು ಬೇರೆ ನೆಪ ನನ್ನ ಹತ್ತಿರ ಇರಲಿಲ್ಲ.

ಸೆಪ್ಟೆಂಬರ್ 2, ಮಂಗಳವಾರ

ಇಂದಿಗೆ ಎಲ್ಲ ಮುಗಿಯಿತು.

ನಿನ್ನೆ ಬೆಳಿಗ್ಗೆ ಹೋದಾಗ ಎಲ್ಲರೂ ಮರ್ಯಾದೆಯಿಂದ ಮಾತಾಡಿಸಿದರು. ಕುರ್ಚಿ ಹಾಕಿದರು, ಒರೆಸಿ ಕೊಟ್ಟರು. ರೋಲರ್ ಅಣ್ಣ ಎದ್ದು ನಿಂತು ಉತ್ತರ ಕೊಟ್ಟ. ಅವನ ಸ್ಟೂಲಿನ ಕೆಳಗೆ ಬುಟ್ಟಿ ಇರಲಿಲ್ಲ. ಮಾತಿನಮಲ್ಲಿ ಹನ್ನೊಂದು ನಿಮಿಷದಲ್ಲಿ ಮುಗಿಸಿದಳು. ಹೌದು, ಇಲ್ಲ, ಹೌದು, ಗೊತ್ತಿಲ್ಲ. ಕೆಲಸದಲ್ಲಿ ಎಷ್ಟು ತೃಪ್ತಿ ಇದೆ, ಒಂದರಿಂದ ಐದರೊಳಗೆ ಹೇಳಿ ಎಂದರೆ ಎಲ್ಲರೂ ಐದು. ನಾನು ಪೆನ್ನು ಕೆಳಗಿಟ್ಟು, ನನ್ನಿಂದ ತಪ್ಪಾಯ್ತು ಎಂದೆ. ಮಾತಿನಮಲ್ಲಿ ಪ್ರಶ್ನಾವಳಿಯನ್ನು ನನ್ನ ಕಡೆ ಸರಿಸಿ, ಅದು ಇದರಲ್ಲಿದೆಯಾ ಮೇಡಂ ಎಂದು ಕೇಳಿದಳು. ಇಲ್ಲ ಎಂದೆ. ಹಾಗಿದ್ರೆ ಇರ್ಲಿ ಬಿಡಿ ಎಂದಳು.

ಹದಿನೇಳನೆಯ ಪ್ರಶ್ನಾವಳಿ ಕೊನೆಗೆ ಉಳಿಯಿತು. ಉಳಿಸಿಕೊಂಡೆ. ಇಂದು ಮಧ್ಯಾಹ್ನ ಬಾಗಿಲ ಬಳಿ, ಟೋಪಿಯ ಡಬ್ಬಿಯ ಪಕ್ಕ, ದೊಡ್ಡಕ್ಕನ ಎದುರು ಕೂತೆ. ನನ್ನ ದನಿ ಕೇಳಿ ಮುಖ ಈ ಕಡೆ ತಿರುಗಿಸಿದರು. ಮೊದಲ ಪ್ರಶ್ನೆಯಿಂದ ಶುರು ಮಾಡಿದೆ. ವಯಸ್ಸು, ಅನುಭವ, ಪಾಳಿ. ಸಣ್ಣ ದನಿಯಲ್ಲಿ, ಸ್ಪಷ್ಟವಾಗಿ, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರು. ಮೂವತ್ತೆಂಟನೆಯದು ಬಂತು. ಅದನ್ನು ಬಿಟ್ಟುಬಿಡೋಣ ಎಂದುಕೊಂಡೆ. ಅವರು ಕಾಯುತ್ತ ಕೂತಿದ್ದರು. ಕೇಳಿದೆ, ಬಟ್ಟೆಯಲ್ಲಿ ತೂತಿದೆಯೇ ಎಂದು ಪರೀಕ್ಷಿಸುವವರು ಯಾರು?

“ಹೊಸ ಹುಡುಗಿ,” ಎಂದರು.

ಬರೆದುಕೊಂಡೆ. ಪುಟ ತಿರುಗಿಸುವಾಗ ಕಾಗದ ಜಾರಿತು. ಅದನ್ನು ಹಿಡಿಯಲು ಅವರೂ ಕೈ ಚಾಚಿದರು. ಅವರ ಬೆರಳು ನನ್ನ ತೋಳಿಗೆ ತಗುಲಿತು. ಅದೇ ಹಳೆಯ ಅಂಗಿ, ಮಾರ್ಚಿನಲ್ಲಿ ಅವರು ಹೇಳಿದ ಮೇಲೂ ನಾನು ಹೊಲಿಯದೆ ಬಿಟ್ಟದ್ದು. ಬೆರಳು ಹೊಲಿಗೆಯ ಮೇಲೆ ಹೋಗಿ, ಬಿಟ್ಟುಕೊಂಡ ಜಾಗದಲ್ಲಿ ನಿಂತಿತು. ಅಲ್ಲೇ ಸ್ವಲ್ಪ ಹೊತ್ತು ಇತ್ತು. ನಾನು ಕಾದೆ, ಅವರು ಬೈಯಲಿ ಎಂದು.

ಕೈ ಹಿಂದಕ್ಕೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

“ಮುಂದಿನ ಪ್ರಶ್ನೆ ಕೇಳಿ ಮೇಡಂ,” ಎಂದರು.

ಕೇಳಿದೆ.